ಕೋಳಿ ಸಾಕುವ ಕೈಗೂ ಕೂಲಿಯ ಲೆಕ್ಕ ಇದೆ

(ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಳಿಗ್ಗೆ ಮನೆ ಕೆಲಸ ಮುಗಿಸಿ, ಮಕ್ಕಳಿಗೆ ಬುತ್ತಿ ಕಟ್ಟಿ, ಬಸ್ಸು ಹಿಡಿದು ಇಷ್ಟು ಜನ ಬಂದಿದ್ದೀರಿ. ಸಂತೋಷ. ಈ ತಿಂಗಳು ಉಳಿತಾಯ, ಸಾಲ ವಸೂಲಿ, ಪುಸ್ತಕ ಬರೆಯೋದು ಇವೆಲ್ಲ ಅನಿಮೇಟರುಗಳು ಹೇಳ್ತಾರೆ. ನಾವು ಇವತ್ತು ಮಾತಾಡೋದು ಕೋಳಿಯ ವಿಷಯ. ನಗಬೇಡಿ. ಕೋಳಿಗೂ ಕಾನೂನಿಗೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ನಮಗೂ ಒಂದು ಕಾಲದಲ್ಲಿ ಹಾಗೇ ಅನ್ನಿಸಿತ್ತು. ಹಾಗೆ ಅನ್ನಿಸಿದ್ದರಿಂದ ಒಬ್ಬ ತಂಗಿಗೆ ನಷ್ಟ ಆಯಿತು. ಮೊದಲು ಆ ಕಥೆಯನ್ನೇ ಹೇಳ್ತೀವಿ.

ಹೆಸರಿಲ್ಲದ ಕೆಲಸ

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ನಮ್ಮ ಸಂಘವೊಂದರ ಸದಸ್ಯೆಯ ತಂಗಿ, ಗಂಡನ ಜೊತೆ ಒಂದು ಮೊಟ್ಟೆ ಕೋಳಿ ಫಾರಂನಲ್ಲಿ ಕೆಲಸಕ್ಕಿದ್ದಳು. ಫಾರಂ ಪಕ್ಕದಲ್ಲೇ ಒಂದು ಸಣ್ಣ ರೂಮು. ಮಾಲೀಕರು ಇವರನ್ನು 'ಜೋಡಿ' ಅಂತ ತಗೊಂಡಿದ್ದರು. ಅಂದ್ರೆ ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದು ಸಂಬಳ. ಅದು ಗಂಡನ ಕೈಗೆ. ಹಾಜರಿ ಪುಸ್ತಕದಲ್ಲಿ ಗಂಡನ ಹೆಸರು ಮಾತ್ರ.

ಆ ತಂಗಿ ಏನು ಮಾಡ್ತಿದ್ದಳು ಕೇಳಿ. ಬೆಳಿಗ್ಗೆ ಐದಕ್ಕೆ ಎದ್ದು ನೀರಿನ ಪೈಪು ನೋಡೋದು, ಫೀಡು ಹಾಕೋದು, ದಿನಕ್ಕೆ ಎರಡು ಸಲ ಮೊಟ್ಟೆ ಆಯೋದು, ಒಡೆದದ್ದು ಸಣ್ಣದು ಬೇರೆ ಮಾಡಿ ಮೂವತ್ತರ ಟ್ರೇಗೆ ಜೋಡಿಸೋದು, ಸತ್ತ ಕೋಳಿ ಎತ್ತಿ ಹಾಕೋದು, ಗಾಡಿ ಬಂದಾಗ ಟ್ರೇ ಹೊರೋದು. ಅದರ ಮಧ್ಯದಲ್ಲೇ ಅಡುಗೆ, ಮಗು. ಶೆಡ್ಡಿನ ಗೊಬ್ಬರದ ಘಾಟಿಗೆ ಕಣ್ಣು ಯಾವಾಗಲೂ ಕೆಂಪು. ಸಂಬಳದ ಪುಸ್ತಕದಲ್ಲಿ ಮಾತ್ರ ಅವಳು ಇಲ್ಲವೇ ಇಲ್ಲ.

ಗಂಡ ಹೇಳದೆ ಕೇಳದೆ ಬೇರೆ ಊರಿಗೆ ಹೋದ. ಮಾಲೀಕರು, 'ಕೆಲಸಕ್ಕಿದ್ದವನು ಅವನು, ಅವನೇ ಇಲ್ಲ ಅಂದ ಮೇಲೆ ರೂಮು ಖಾಲಿ ಮಾಡು' ಅಂದರು. ಎರಡು ವರ್ಷ ದುಡಿದವಳು ಮಗುವನ್ನು ಎತ್ತಿಕೊಂಡು, ಒಂದು ಚೀಲ ಹಿಡಿದು ಅಕ್ಕನ ಮನೆಗೆ ಬಂದಳು. ಅಕ್ಕ ನಮ್ಮ ಹತ್ತಿರ ಕರೆದುಕೊಂಡು ಬಂದಳು.

ನಾವು ಒಂದು ಕಚೇರಿಗೆ ಹೋಗಿ ಕೇಳಿದೆವು. ಅಲ್ಲಿದ್ದವರು ಹೇಳಿದ್ದು: 'ಇದು ಫ್ಯಾಕ್ಟರಿ ಅಲ್ಲ ಸಿಸ್ಟರ್, ಹೊಲದ ಕೆಲಸವೂ ಅಲ್ಲ. ಕೋಳಿ ಸಾಕೋದಕ್ಕೆ ಯಾವ ಕೂಲಿ ಕಾನೂನು?' ನಾವು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದಿದವರು. ಆದರೂ ಆ ಮಾತನ್ನು ನಂಬಿ ವಾಪಸ್ ಬಂದೆವು. ಕಾನೂನಿನ ಪುಸ್ತಕ ತೆಗೆದು ನೋಡಲಿಲ್ಲ. ಆ ತಂಗಿಗೂ ಹಾಗೇ ಹೇಳಿ ಕಳಿಸಿದೆವು. ತಪ್ಪು ನಮ್ಮದು.

ಎಂಟು ತಿಂಗಳ ಮೇಲೆ ಒಬ್ಬ ವಕೀಲರು ಬೇರೆ ವಿಷಯಕ್ಕೆ ನಮ್ಮ ಕೇಂದ್ರಕ್ಕೆ ಬಂದಿದ್ದರು. ಮಾತಿನ ಮಧ್ಯೆ ಈ ಕಥೆ ಹೇಳಿದೆವು. ಅವರು ಚೀಲದಿಂದ ಪುಸ್ತಕ ತೆಗೆದು, ಕೊನೆಯ ಪುಟದ ಅನುಸೂಚಿಯಲ್ಲಿ ಬೆರಳಿಟ್ಟು ತೋರಿಸಿದರು. ಅಲ್ಲಿ ಕೋಳಿ ಇತ್ತು.

ಕಾನೂನಿನಲ್ಲಿ ಕೋಳಿ ಎಲ್ಲಿತ್ತು?

1948ರಲ್ಲಿ ನಮ್ಮ ದೇಶದಲ್ಲಿ ಕನಿಷ್ಠ ವೇತನ ಕಾಯ್ದೆ ಬಂತು. ಆಗ ಎಲ್ಲಾ ಕೆಲಸಕ್ಕೂ ಕನಿಷ್ಠ ಕೂಲಿ ಅಂತ ಇರಲಿಲ್ಲ. ಕಾಯ್ದೆಯ ಕೊನೆಗೆ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಹೆಸರಿದ್ದ ಕೆಲಸಕ್ಕೆ ಮಾತ್ರ ಸರ್ಕಾರ ಕೂಲಿ ನಿಗದಿ ಮಾಡುತ್ತಿತ್ತು. ಪಟ್ಟಿಗೆ ಎರಡು ಭಾಗ. ಮೊದಲ ಭಾಗದಲ್ಲಿ ಅಕ್ಕಿ ಗಿರಣಿ, ಎಣ್ಣೆ ಗಿರಣಿ, ತಂಬಾಕು ಮತ್ತು ಬೀಡಿ, ತೋಟಗಳು, ಕಲ್ಲು ಒಡೆಯುವುದು, ರಸ್ತೆ ಕೆಲಸ ಇಂಥವು. ಎರಡನೇ ಭಾಗದಲ್ಲಿ ಇದ್ದದ್ದು ಒಂದೇ: ಕೃಷಿ.

ಕೃಷಿ ಅಂದರೆ ಏನು ಅಂತಲೂ ಅಲ್ಲೇ ಬಿಡಿಸಿ ಬರೆದಿತ್ತು. ಅದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಭೂಮಿ ಉಳುವುದು, ಬೇಸಾಯ ಮಾಡುವುದು, ಹೈನುಗಾರಿಕೆ, ಬೆಳೆ, ಹಣ್ಣು, ತರಕಾರಿ ಬೆಳೆದು ಕೊಯ್ಯುವುದು, ದನಕರು, ಜೇನು, ಕೋಳಿ ಸಾಕುವುದು. ಇಷ್ಟಕ್ಕೇ ನಿಲ್ಲಲಿಲ್ಲ. ಇವುಗಳ ಜೊತೆಗೆ ಫಾರಂನಲ್ಲಿ ರೈತ ಮಾಡುವ, ಇದಕ್ಕೆ ಹೊಂದಿಕೊಂಡ ಬೇರೆ ಕೆಲಸಗಳೂ ಸೇರಿದವು. ಮಾಲನ್ನು ಮಾರುಕಟ್ಟೆಗೆ ಸಿದ್ಧ ಮಾಡೋದು, ಗೋದಾಮಿಗೆ ಅಥವಾ ಮಾರುಕಟ್ಟೆಗೆ ಮುಟ್ಟಿಸೋದು, ಸಾಗಿಸೋ ಗಾಡಿಗೆ ಒಪ್ಪಿಸೋದು ಕೂಡಾ.

ಈಗ ಆ ತಂಗಿಯ ದಿನವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಫೀಡು ಹಾಕೋದು, ಸಾಕೋದು. ಅದು ಕೃಷಿ. ಮೊಟ್ಟೆ ಆಯೋದು ಕೃಷಿ. ಟ್ರೇಗೆ ಜೋಡಿಸೋದು, ಮಾರುಕಟ್ಟೆಗೆ ಸಿದ್ಧ ಮಾಡೋದು. ಗಾಡಿಗೆ ಏರಿಸೋದು, ಸಾಗಣೆಗೆ ಒಪ್ಪಿಸೋದು. ಬೆಳಿಗ್ಗೆ ಐದರಿಂದ ರಾತ್ರಿವರೆಗೆ ಅವಳು ಮಾಡಿದ ಒಂದೊಂದು ಕೆಲಸಕ್ಕೂ ಕಾನೂನಿನಲ್ಲಿ ಜಾಗ ಇತ್ತು. ನಾವು ಮಾತ್ರ ಇಲ್ಲ ಅಂತ ಕಳಿಸಿದ್ದೆವು.

ಆಗಿನ ಕಾಯ್ದೆಯಲ್ಲಿ ಬಾಕಿ ಕೂಲಿ ಕೇಳೋದಕ್ಕೆ ಆರು ತಿಂಗಳ ಗಡುವು ಇತ್ತು. ಅದು ದಾಟಿತ್ತು. ತಡ ಆದದ್ದಕ್ಕೆ ಸರಿಯಾದ ಕಾರಣ ಇದ್ದರೆ ಅರ್ಜಿ ತಗೋಬಹುದು ಅಂತ ಕಾಯ್ದೆಯಲ್ಲಿ ಇತ್ತು, ಆದರೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರೇ ಇರಲಿಲ್ಲವಲ್ಲ, ಸಾಬೀತು ಮಾಡೋದು ಕಷ್ಟ. ಕೊನೆಗೆ ಸಂಘದ ಹತ್ತು ಜನ ಹೆಂಗಸರು ಆ ಪುಟದ ಜೆರಾಕ್ಸ್ ಹಿಡಿದು ಮಾಲೀಕರ ಮನೆಗೆ ಹೋದರು. ಗಲಾಟೆ ಮಾಡಲಿಲ್ಲ. ಕೂತು ಓದಿ ಹೇಳಿದರು. ಮಾಲೀಕರು ಸ್ವಲ್ಪ ಹಣ ಕೊಟ್ಟರು. ಸಿಗಬೇಕಾದದ್ದರಲ್ಲಿ ಅದು ಒಂದು ಪಾಲು ಅಷ್ಟೇ. ಅದಾದ ಮೇಲೆ ಆ ಫಾರಂನ ಪುಸ್ತಕದಲ್ಲಿ ಹೆಂಗಸರ ಹೆಸರು ಬೇರೆ ಸಾಲಿನಲ್ಲಿ ಬರೆಯೋದಕ್ಕೆ ಶುರು ಆಯಿತು.

ಈಗ ಏನಾಗಿದೆ?

ಅಕ್ಕ-ತಂಗಿಯರೇ, ಇದನ್ನು ಗಮನ ಇಟ್ಟು ಕೇಳಿ. 1948ರ ಆ ಕಾಯ್ದೆ ಈಗ ಇಲ್ಲ. ಅದರ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಸಂಸತ್ತಿನಲ್ಲಿ 2019ರಲ್ಲೇ ಪಾಸಾದರೂ ಅದು ಪೂರ್ತಿ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು, ಇನ್ನು ಮೂರು ಕಾರ್ಮಿಕ ಸಂಹಿತೆಗಳ ಜೊತೆಗೆ. ಹಳೆಯ ಕನಿಷ್ಠ ವೇತನ ಕಾಯ್ದೆ, 1936ರ ವೇತನ ಪಾವತಿ ಕಾಯ್ದೆ, 1965ರ ಬೋನಸ್ ಕಾಯ್ದೆ, 1976ರ ಸಮಾನ ವೇತನ ಕಾಯ್ದೆ ಈ ನಾಲ್ಕೂ ಇದರೊಳಗೆ ಸೇರಿದವು.

ಹೊಸ ಸಂಹಿತೆಯಲ್ಲಿ ಆ ಹಳೆಯ ಪಟ್ಟಿ ಇಲ್ಲ. ಪಟ್ಟಿ ಹೋಯಿತು ಅಂದ್ರೆ ಕೋಳಿ ಕೆಲಸದವರ ಹಕ್ಕೂ ಹೋಯಿತಾ? ಇಲ್ಲ. ಈಗ ಕೆಲಸ ಯಾವುದೇ ಇರಲಿ, ಕೂಲಿಗೆ ದುಡಿಯುವ ಎಲ್ಲರಿಗೂ ಕನಿಷ್ಠ ವೇತನ ಕೊಡಬೇಕು ಅಂತ ಆಗಿದೆ. 'ನಿನ್ನ ಕೆಲಸ ಪಟ್ಟಿಯಲ್ಲಿ ಇಲ್ಲಮ್ಮ' ಅನ್ನೋ ಮಾತಿಗೆ ಇನ್ನು ಜಾಗವಿಲ್ಲ. ಕೇಂದ್ರ ಸರ್ಕಾರ ಒಂದು ತಳಮಟ್ಟದ ವೇತನ ಗೊತ್ತು ಮಾಡಬೇಕು, ರಾಜ್ಯಗಳು ಅದಕ್ಕಿಂತ ಕಡಿಮೆ ಇಡುವ ಹಾಗಿಲ್ಲ.

ಹಾಗಾದರೆ 'ಕೃಷಿ' ಅನ್ನೋ ಪದದ ಮಾತು ಯಾಕೆ ಇನ್ನೂ ಬೇಕು? ಎರಡು ಕಾರಣ.

ಒಂದು, ಹಳೆಯ ಕಾಯ್ದೆಯ ಕೆಳಗೆ ಹೊರಡಿಸಿದ ಆದೇಶಗಳು, ಹೊಸದಕ್ಕೆ ವಿರುದ್ಧ ಇಲ್ಲದ ಮಟ್ಟಿಗೆ, ಮುಂದುವರಿಯುತ್ತವೆ ಅಂತ ಸಂಹಿತೆಯಲ್ಲೇ ಇದೆ. ಹಳೆಯ ಕಾಯ್ದೆಯಲ್ಲಿ ರಾಜ್ಯ ಸರ್ಕಾರ ಪಟ್ಟಿಗೆ ಹೊಸ ಕೆಲಸ ಸೇರಿಸಬಹುದಿತ್ತು. ಹಾಗಾಗಿ ನಿಮ್ಮ ಹತ್ತಿರದ ಕೋಳಿ ಫಾರಂನ ಕೂಲಿ ಯಾವ ತಲೆಬರಹದ ಕೆಳಗೆ ಬರುತ್ತದೆ, ಇವತ್ತಿನ ದರ ಎಷ್ಟು ಅಂತ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿ, ಕಾಗದದ ಮೇಲೆ ಬರೆಸಿಕೊಂಡು ಬನ್ನಿ. ತುಟ್ಟಿಭತ್ಯೆ ಸೇರಿ ದರ ಆಗಾಗ ಬದಲಾಗುತ್ತೆ, ಆದ್ದರಿಂದ ಹೋದ ವರ್ಷದ ಚೀಟಿ ಈ ವರ್ಷಕ್ಕೆ ಬರೋದಿಲ್ಲ.

ಎರಡು, ಪುಸ್ತಕ ಇಡುವ ವಿಷಯ. ಮಾಲೀಕರು ನೌಕರರ ಹೆಸರು, ಹಾಜರಿ, ಕೂಲಿ ಬರೆದ ರಿಜಿಸ್ಟರ್ ಇಡಬೇಕು, ವೇತನ ಚೀಟಿ ಕೊಡಬೇಕು. ಆದರೆ ಕೃಷಿಗೆ ಅಥವಾ ಮನೆಗೆಲಸಕ್ಕೆ ಐದು ಜನಕ್ಕಿಂತ ಹೆಚ್ಚು ಇಟ್ಟುಕೊಳ್ಳದ ಮಾಲೀಕರಿಗೆ ಇದರಿಂದ ವಿನಾಯಿತಿ ಇದೆ. ವಿನಾಯಿತಿ ಇದ್ದರೂ ಅಧಿಕಾರಿ ಕೇಳಿದಾಗ ಕೂಲಿ ಕೊಟ್ಟದ್ದಕ್ಕೆ ಪುರಾವೆ ತೋರಿಸಬೇಕು. ಅಂದ್ರೆ ಸಣ್ಣ ಶೆಡ್ಡಿನಲ್ಲಿ ದುಡಿಯುವ ಹೆಂಗಸಿಗೆ ಮಾಲೀಕರಿಂದ ಚೀಟಿ ಬರದೇ ಇರಬಹುದು. ಆಗ ಲೆಕ್ಕ ಇಡಬೇಕಾದವಳು ಅವಳೇ. ಇದಕ್ಕೆ ಆಮೇಲೆ ಬರ್ತೀವಿ.

ಪದ ಒಂದೇ, ಫಲ ಬೇರೆ

ಇಲ್ಲಿ ಒಂದು ಸ್ವಾರಸ್ಯ ಇದೆ. ಅಮೆರಿಕದಲ್ಲಿ 1938ರಲ್ಲಿ ಒಂದು ಕೂಲಿ ಕಾನೂನು ಬಂತು. ಅದರಲ್ಲಿ ಕೃಷಿ ಅಂದರೇನು ಅಂತ ಬರೆದ ಮಾತೂ ನಮ್ಮ 1948ರ ಮಾತೂ ಅಕ್ಕ-ತಂಗಿ ಇದ್ದ ಹಾಗೆ ಇವೆ. ಅಲ್ಲೂ ದನಕರು, ಜೇನು, ಕೋಳಿ ಸಾಕುವುದು ಕೃಷಿಯೇ. ಆದರೆ ಫಲ ತಿರುವುಮುರುವು. ನಮ್ಮಲ್ಲಿ ಕೃಷಿ ಅಂತ ಬರೆದದ್ದರಿಂದ ಕೋಳಿ ಕೆಲಸದವರಿಗೆ ಕನಿಷ್ಠ ಕೂಲಿಯ ಹಕ್ಕು ಬಂತು. ಅಲ್ಲಿ ಕೃಷಿ ಕೆಲಸದವರಿಗೆ ಹೆಚ್ಚು ಹೊತ್ತು ದುಡಿದದ್ದಕ್ಕೆ ಒಂದೂವರೆ ಪಟ್ಟು ಕೂಲಿ ಕೊಡಬೇಕಾಗಿಲ್ಲ ಅಂತ ಬಿಟ್ಟರು. ಕೃಷಿ ಕೂಲಿಕಾರರು ಅಲ್ಲಿನ ಕಾರ್ಮಿಕ ಸಂಘದ ಕಾನೂನಿನಿಂದಲೂ ಹೊರಗೆ. ಆದ್ದರಿಂದ ಅಲ್ಲಿ ಕಂಪನಿಗಳು 'ಇದು ಕೃಷಿ' ಅಂತ ವಾದ ಮಾಡ್ತವೆ, ಕೆಲಸಗಾರರು 'ಅಲ್ಲ' ಅಂತಾರೆ.

1996ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ಇಂಥದ್ದೇ ಒಂದು ವಿಷಯ ಬಂತು. ರೈತರ ಶೆಡ್ಡಿಗೆ ಹೋಗಿ ಕೋಳಿ ಹಿಡಿದು, ಲಾರಿಗೆ ತುಂಬಿ, ಕಂಪನಿಯ ಕತ್ತರಿಸುವ ಘಟಕಕ್ಕೆ ಒಯ್ಯುವ ಕಂಪನಿಯ ಕೆಲಸಗಾರರು ಕೃಷಿ ಕಾರ್ಮಿಕರೋ ಅಲ್ಲವೋ? ಕೃಷಿ ಕಾರ್ಮಿಕರಲ್ಲ, ಅವರಿಗೆ ಸಂಘ ಕಟ್ಟುವ ರಕ್ಷಣೆ ಇದೆ ಅಂತ ಕೋರ್ಟು ಒಪ್ಪಿತು. ಒಂಬತ್ತು ಜನ ನ್ಯಾಯಾಧೀಶರಲ್ಲಿ ಐದು ಜನ ಈ ಕಡೆ, ನಾಲ್ಕು ಜನ ಆ ಕಡೆ. ಕೋಳಿ ಹಿಡಿಯೋ ಕೆಲಸ ಯಾವ ಜಾತಿ ಅಂತ ತೀರ್ಮಾನ ಮಾಡೋದಕ್ಕೆ ಅಷ್ಟು ದೊಡ್ಡವರಿಗೂ ಅಷ್ಟು ಕಷ್ಟ ಆಯಿತು!

ಇದರಿಂದ ನಾವು ಕಲಿಯೋದು ಏನು? ಪದವನ್ನು ಮಾತ್ರ ಕೇಳಿ ಸುಮ್ಮನಾಗಬಾರದು. 'ಇದು ಕೃಷಿ' ಅಥವಾ 'ಇದು ಕೃಷಿ ಅಲ್ಲ' ಅಂತ ಯಾರಾದರೂ ಅಂದರೆ, 'ಯಾವ ಕಾನೂನಿಗೆ? ಯಾವ ಲೆಕ್ಕಕ್ಕೆ?' ಅಂತ ತಿರುಗಿ ಕೇಳಬೇಕು.

ನಮ್ಮಲ್ಲೂ ಹಾಗೇ ಇದೆ ನೋಡಿ. ಕರ್ನಾಟಕದ 1961ರ ಭೂಸುಧಾರಣಾ ಕಾಯ್ದೆಯಲ್ಲಿ ಕೃಷಿ ಅನ್ನೋ ಪದದೊಳಗೆ ಹೈನುಗಾರಿಕೆ, ಕೋಳಿ ಸಾಕಾಣಿಕೆ ಎರಡೂ ಸೇರಿವೆ. ಬ್ಯಾಂಕಿನವರಿಗೆ ಕೋಳಿ ಸಾಕಾಣಿಕೆ ಕೃಷಿಗೆ ಪೂರಕ ಚಟುವಟಿಕೆ. ಅದಕ್ಕೇ ಆದ್ಯತಾ ವಲಯದ ಸಾಲ ಸಿಗುತ್ತೆ, 2019ರ ಈಚೆಗೆ ಕಿಸಾನ್ ಕ್ರೆಡಿಟ್ ಕಾರ್ಡೂ ಸಿಗುತ್ತೆ. ಆದರೆ ಆದಾಯ ತೆರಿಗೆಯವರ ಹತ್ತಿರ ಹೋದರೆ ಕೋಳಿ ಕೃಷಿ ಅಲ್ಲ. ಕೃಷಿ ಅಂದರೆ ಭೂಮಿಯ ಮೇಲೆ ಉಳುವುದು ಬಿತ್ತುವುದು ಇಂಥ ಮೂಲ ಕೆಲಸ ಇರಬೇಕು ಅಂತ 1957ರಲ್ಲೇ ನಮ್ಮ ಸುಪ್ರೀಂ ಕೋರ್ಟು ಹೇಳಿದೆ. ಜನಗಣತಿಯಲ್ಲಿ 2001ರಲ್ಲೂ 2011ರಲ್ಲೂ ಕೋಳಿ ಕೆಲಸದವರು ಬೇಸಾಯಗಾರರ ಸಾಲಿನಲ್ಲಿ ಇಲ್ಲ, ಕೃಷಿ ಕೂಲಿಗಳ ಸಾಲಿನಲ್ಲೂ ಇಲ್ಲ, 'ಇತರೆ ಕೆಲಸಗಾರರು' ಅನ್ನೋದರಲ್ಲಿ ಸೇರಿದರು. ಒಂದೇ ಕೋಳಿ, ಒಂದೊಂದು ಕಚೇರಿಯಲ್ಲಿ ಒಂದೊಂದು ಹೆಸರು.

ಯಾವ ಕೆಲಸ ಎಲ್ಲಿಗೆ ಸೇರುತ್ತೆ?

ಶೆಡ್ಡಿನ ಒಳಗಿನ ಕೆಲಸದಲ್ಲಿ ಗೊಂದಲ ಇಲ್ಲ. ಮರಿ ಇಳಿಸೋದು, ಕಾವು ಕೊಡೋದು, ಹೊಟ್ಟು ಹಾಸೋದು, ಫೀಡು ನೀರು, ಲಸಿಕೆ ಹಾಕುವಾಗ ಹಿಡಿದುಕೊಡೋದು, ಗೊಬ್ಬರ ತೆಗೆಯೋದು, ಮೊಟ್ಟೆ ಆಯೋದು, ಫಾರಂನವರೇ ಟ್ರೇ ಕಟ್ಟಿ ಗಾಡಿಗೆ ಹಾಕೋದು ಇವೆಲ್ಲ ಸಾಕಾಣಿಕೆಯ ಭಾಗ.

ಕೋಳಿ ಕತ್ತರಿಸಿ, ಶುಚಿ ಮಾಡಿ, ಪ್ಯಾಕ್ ಮಾಡುವ ಘಟಕ ಬೇರೆ. ಮೋಟಾರು ಮಷಿನ್ ಇಟ್ಟುಕೊಂಡು ಜನ ಜಾಸ್ತಿ ಇದ್ದರೆ ಅದು ಕಾರ್ಖಾನೆ. ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ ವಿದ್ಯುತ್ ಬಳಸಿದರೆ ಹತ್ತು ಜನ ಇದ್ದರೂ ಕಾರ್ಖಾನೆ ಆಗುತ್ತಿತ್ತು. ಹೊಸ ಸಂಹಿತೆಯಲ್ಲಿ ಅದನ್ನು ಇಪ್ಪತ್ತಕ್ಕೆ ಏರಿಸಿದ್ದಾರೆ, ವಿದ್ಯುತ್ ಇಲ್ಲದಿದ್ದರೆ ನಲವತ್ತು. ಹೀಗಾಗಿ ಹದಿನೈದು ಜನರ ಸಣ್ಣ ಘಟಕದಲ್ಲಿ ಇರುವವರಿಗೆ ಕಾರ್ಖಾನೆಯ ರಕ್ಷಣೆ ತಪ್ಪಬಹುದು. ಆದರೆ ಕನಿಷ್ಠ ವೇತನದ ಹಕ್ಕು ಅವರಿಗೂ ಇದೆ.

ಇನ್ನು ಕಂಪನಿಯಿಂದ ಮರಿ, ಫೀಡು, ಔಷಧಿ ತಂದು ತಮ್ಮ ಶೆಡ್ಡಿನಲ್ಲಿ ಬ್ಯಾಚ್ ಬೆಳೆಸಿಕೊಟ್ಟು, ಕಿಲೋಗೆ ಇಷ್ಟು ಅಂತ ಸಾಕಾಣಿಕೆ ಹಣ ತಗೊಳ್ಳುವ ರೈತರು. ಇವರು ದುಡಿಮೆ ಹಾಕ್ತಾರೆ, ಆದರೆ ಸಾಮಾನ್ಯವಾಗಿ ಕಂಪನಿಯ ನೌಕರರು ಅಂತ ಎಣಿಸೋದಿಲ್ಲ. ಅವರಿಗೆ ಆಧಾರ ಕರಾರು ಪತ್ರ. ಅದನ್ನು ಓದಿಸಿಕೊಂಡು, ಸತ್ತ ಮರಿಯ ಲೆಕ್ಕ ಹೇಗೆ, ಹಣ ಎಷ್ಟು ದಿನಕ್ಕೆ ಅಂತ ತಿಳಿದುಕೊಂಡು ಸಹಿ ಹಾಕಬೇಕು. ಆದರೆ ಆ ರೈತ ತನ್ನ ಶೆಡ್ಡಿಗೆ ಕೂಲಿಗೆ ಕರೆದ ಹೆಂಗಸಿಗೆ ಅವನೇ ಮಾಲೀಕ.

ಹಿತ್ತಲಲ್ಲಿ ನಾಟಿ ಕೋಳಿ, ಗಿರಿರಾಜ ಸಾಕುವ ನೀವು? ನಿಮ್ಮ ಕೋಳಿಗೆ ನೀವೇ ಒಡತಿ. ನಿಮಗೆ ಕೂಲಿ ಕೊಡುವವರು ಯಾರೂ ಇಲ್ಲ. ಆದರೂ ಅದು ದುಡಿಮೆ. ಜನಗಣತಿಯವರು ಮನೆಗೆ ಬಂದು 'ಏನು ಕೆಲಸ ಮಾಡ್ತೀರಮ್ಮ' ಅಂದರೆ 'ಏನೂ ಇಲ್ಲ, ಮನೇಲೇ ಇರ್ತೀನಿ' ಅನ್ನಬೇಡಿ. ಕೋಳಿ ಸಾಕ್ತೀನಿ, ಮೊಟ್ಟೆ ಮಾರ್ತೀನಿ ಅಂತ ಹೇಳಿ, ಬರೆದರೋ ಇಲ್ಲವೋ ನೋಡಿ.

ನೆನಪಿಡಬೇಕಾದ ಹಕ್ಕುಗಳು

ಒಂದು. ಗಂಡಿಗೆ ಒಂದು, ಹೆಣ್ಣಿಗೆ ಒಂದು ಕೂಲಿ ಇಲ್ಲ. ಒಂದೇ ಕೆಲಸಕ್ಕೆ ಅಥವಾ ಅದೇ ತರಹದ ಕೆಲಸಕ್ಕೆ ಇಬ್ಬರಿಗೂ ಸಮ ಕೂಲಿ. 'ಜೋಡಿ ಸಂಬಳ' ಅಂತ ಹೆಸರಿಟ್ಟರೂ ದುಡಿದವರು ಇಬ್ಬರು, ಲೆಕ್ಕವೂ ಇಬ್ಬರದ್ದು. ರೂಮು ಕೊಟ್ಟಿದ್ದೇವೆ ಅಂತ ಹೆಂಡತಿಯ ಕೂಲಿಯನ್ನೇ ತೆಗೆದುಹಾಕುವ ಹಾಗಿಲ್ಲ.

ಎರಡು. 'ಕಡಿಮೆ ಕೂಲಿಗೆ ನೀನೇ ಒಪ್ಪಿದ್ದೀಯಲ್ಲ, ಹೆಬ್ಬೆಟ್ಟು ಒತ್ತಿದ್ದೀಯಲ್ಲ' ಅಂದರೆ ಹೆದರಬೇಡಿ. ಕನಿಷ್ಠ ವೇತನದ ಹಕ್ಕು ಬಿಟ್ಟುಕೊಡುವ ಒಪ್ಪಂದ ಕಾನೂನಿನ ಮುಂದೆ ನಿಲ್ಲೋದಿಲ್ಲ.

ಮೂರು. ಮರಿ ಸತ್ತರೆ ಕೂಲಿಯಲ್ಲಿ ಹಿಡಿಯೋದು ನಮ್ಮ ಕಡೆ ಬಹಳ. ಕಾನೂನು ಹೇಳೋದು: ಕೆಲಸಗಾರರ ವಶಕ್ಕೆ ಒಪ್ಪಿಸಿದ ಮಾಲು ಅವರ ಅಜಾಗ್ರತೆಯಿಂದಲೇ ಹಾಳಾದರೆ ಮಾತ್ರ ಹಿಡಿಯಬಹುದು. ಅದೂ ಆದ ನಷ್ಟಕ್ಕಿಂತ ಹೆಚ್ಚಿಲ್ಲ. ಹಿಡಿಯುವ ಮೊದಲು ಅವರ ಮಾತು ಕೇಳಬೇಕು. ಎಲ್ಲಾ ಕಡಿತ ಸೇರಿ ಕೂಲಿಯ ಅರ್ಧಕ್ಕಿಂತ ಜಾಸ್ತಿ ಆಗಬಾರದು. ಬಿಸಿಲಿನ ಝಳಕ್ಕೆ, ಕರೆಂಟು ಹೋಗಿದ್ದಕ್ಕೆ, ರಾಣಿಖೇತ್ ರೋಗಕ್ಕೆ ಕೋಳಿ ಸತ್ತರೆ ಅದು ಕೂಲಿಯವಳ ತಪ್ಪಾ?

ನಾಲ್ಕು. ದಿನಗೂಲಿ ಆದರೆ ಅವತ್ತಿನ ಕೆಲಸ ಮುಗಿದಾಗ, ತಿಂಗಳ ಸಂಬಳ ಆದರೆ ಮುಂದಿನ ತಿಂಗಳ ಏಳನೇ ತಾರೀಖಿನೊಳಗೆ ಕೈಗೆ ಬರಬೇಕು. ನಿಗದಿತ ಹೊತ್ತಿಗಿಂತ ಹೆಚ್ಚು ದುಡಿಸಿದರೆ ಆ ಹೊತ್ತಿಗೆ ಎರಡು ಪಟ್ಟು.

ಐದು. ಬಾಕಿ ಕೂಲಿ ಕೇಳುವ ಗಡುವು ಈಗ ಮೂರು ವರ್ಷ. ಆ ತಂಗಿಯ ಕಾಲದಲ್ಲಿ ಆರು ತಿಂಗಳಿತ್ತು. ಇವತ್ತು ಬಂದಿದ್ದರೆ ಅವಳ ಅರ್ಜಿ ಗಡುವಿನ ಒಳಗೇ ಇರ್ತಿತ್ತು.

ಲೆಕ್ಕಕ್ಕೆ ಒಂದು ಉದಾಹರಣೆ ಹೇಳ್ತೀವಿ, ನಿಜವಾದ ದರ ಅಂತ ತಿಳಿಯಬೇಡಿ. ದಿನಕ್ಕೆ 400 ರೂಪಾಯಿ ಕೊಡಬೇಕಾದಲ್ಲಿ 300 ಕೊಟ್ಟರು ಅಂತ ಇಟ್ಟುಕೊಳ್ಳಿ. ದಿನಕ್ಕೆ 100 ಕಮ್ಮಿ. ತಿಂಗಳಿಗೆ 26 ದಿನ ಅಂದರೆ 2,600. ವರ್ಷಕ್ಕೆ 31,200. ದಿನಕ್ಕೆ ನೂರು ರೂಪಾಯಿ ಅಂತ ಬಿಟ್ಟುಬಿಡ್ತೀವಿ. ವರ್ಷದ ಕೊನೆಗೆ ಅದು ಎರಡು ಮೇಕೆ ಮಾತ್ರ ಅಲ್ಲ, ಮಗಳ ಕಾಲೇಜಿನ ಖರ್ಚೂ ಹೌದು. ಇದರ ಮೇಲೆ, ಬಾಕಿಯ ಜೊತೆಗೆ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ಅಧಿಕಾರಿಗೆ ಇದೆ.

ಆರು. ಹದಿನಾಲ್ಕು ವರ್ಷದ ಒಳಗಿನ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳೋದು ಅಪರಾಧ. 2016ರ ತಿದ್ದುಪಡಿಯ ಮೇಲೆ ಯಾವ ಕೆಲಸಕ್ಕೂ ಇಡುವಂತಿಲ್ಲ. ತಮ್ಮ ಮನೆಯವರ ಕೆಲಸದಲ್ಲಿ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಕೈಜೋಡಿಸಬಹುದು, ಅದೂ ಅಪಾಯವಿಲ್ಲದ ಕೆಲಸಕ್ಕೆ. 'ಜೋಡಿ' ಹೋದಾಗ ಮಕ್ಕಳೂ ಮೊಟ್ಟೆ ಆಯುತ್ತಾ ಶಾಲೆ ಬಿಡ್ತಾರೆ. ಇದನ್ನು ನಾವೇ ಕಂಡಿದ್ದೇವೆ. ಅದಕ್ಕೆ ಆಸ್ಪದ ಕೊಡಬೇಡಿ.

ನಾವೇ ಮಾಲೀಕರಾದಾಗ

ಈಗ ಸ್ವಲ್ಪ ಕಹಿ ಮಾತು. ನಮ್ಮ ಕೆಲವು ಸಂಘಗಳು ಸಾಲ ತೆಗೆದು ಸಣ್ಣ ಶೆಡ್ಡು ಹಾಕಿವೆ. ಸದಸ್ಯರೇ ಪಾಳಿ ಮೇಲೆ ಕೆಲಸ ಮಾಡಿ ಲಾಭ ಹಂಚಿಕೊಂಡರೆ ಅದು ನಿಮ್ಮದೇ ಉದ್ಯೋಗ. ಯಾರು ಎಷ್ಟು ದಿನ ದುಡಿದರು ಅಂತ ಬರೆದಿಡಿ, ಇಲ್ಲದಿದ್ದರೆ ಜಗಳ ಬರೋದು ಅಲ್ಲೇ. ಆದರೆ ಎಷ್ಟೋ ಕಡೆ ಸದಸ್ಯರಿಗೆ ಬಿಡುವಿಲ್ಲ ಅಂತ ಊರಿನ ಒಬ್ಬ ಬಡ ಹೆಂಗಸನ್ನು ಗೊಬ್ಬರ ತೆಗೆಯೋಕೆ, ನೀರು ಹಾಕೋಕೆ ಕರೀತಾರೆ. ಅವಳಿಗೆ ಏನು ಕೊಡ್ತೀರಿ ಅಂದರೆ, 'ಏನೋ ಸಿಸ್ಟರ್, ಒಡೆದ ಮೊಟ್ಟೆ ಕೊಡ್ತೀವಿ, ಹಬ್ಬಕ್ಕೆ ಒಂದು ಸೀರೆ' ಅಂತಾರೆ.

ಅಕ್ಕ-ತಂಗಿಯರೇ, ಅವಳಿಗೆ ನಾವೇ ಮಾಲೀಕರು. ಸಂಘದ ಶೆಡ್ಡು ಅಂತ ಕಾನೂನು ನಮಗೆ ಬೇರೆ ದಾರಿ ಬಿಟ್ಟಿಲ್ಲ. ಕೂಲಿಯನ್ನು ಹಣದಲ್ಲೇ ಕೊಡಬೇಕು, ಕೈಗೋ ಬ್ಯಾಂಕಿಗೋ. ಮೊಟ್ಟೆ, ಸೀರೆ ಪ್ರೀತಿಯಿಂದ ಕೊಡಿ, ಕೂಲಿಯ ಬದಲಿಗೆ ಬೇಡ. ಲಾಭ ಲೆಕ್ಕ ಹಾಕುವಾಗ ಮೊದಲು ಅವಳ ಕೂಲಿ ತೆಗೆದಿಟ್ಟು ಆಮೇಲೆ ಹಂಚಿ. ಹಾಗೆ ತೆಗೆದಿಟ್ಟರೆ ಏನೂ ಉಳಿಯೋದಿಲ್ಲ ಅಂದರೆ, ಶೆಡ್ಡು ನಡೀತಾ ಇರೋದು ಅವಳ ಹೊಟ್ಟೆಯ ಮೇಲೆ ಅಂತ ಅರ್ಥ.

ಸಂಘದಲ್ಲಿ ಏನು ಮಾಡಬಹುದು?

ಪ್ರತಿ ಸಂಘದಲ್ಲಿ ಕೋಳಿ ಫಾರಂ ಕೆಲಸಕ್ಕೆ ಹೋಗುವವರ ಹೆಸರು ಬರೆಯಿರಿ. ಅವರಿಗೆ ಎರಡು ರೂಪಾಯಿಯ ಹೆಚ್ಚಿನ ಸಾಲಕ್ಕಿಂತ ಹತ್ತು ರೂಪಾಯಿಯ ನೋಟ್ ಬುಕ್ ಉಪಕಾರ. ದಿನಾಂಕ, ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ, ಕೊಟ್ಟ ಹಣ, ಹಿಡಿದ ಹಣ. ಓದು ಬಾರದಿದ್ದರೆ ಮಗಳಿಂದ ಬರೆಸಿ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೂ ಸರಿ. ನಾಳೆ ಮಾಲೀಕರ ಪುಸ್ತಕದಲ್ಲಿ ಹೆಸರಿಲ್ಲ ಅಂದಾಗ ಇದೇ ನಿಮ್ಮ ಸಾಕ್ಷಿ.

ಕೆಲಸಕ್ಕೆ ಸೇರುವ ದಿನವೇ 'ನನ್ನ ಹೆಸರು ಬೇರೆ ಬರೀರಿ, ನನ್ನ ಕೂಲಿ ನನ್ನ ಖಾತೆಗೆ ಹಾಕಿ' ಅಂತ ಕೇಳಿ. ಆಮೇಲೆ ಕೇಳೋದಕ್ಕಿಂತ ಮೊದಲೇ ಕೇಳೋದು ಸುಲಭ.

ಇ-ಶ್ರಮ್‌ನಲ್ಲಿ ಹೆಸರು ನೋಂದಾಯಿಸಿ. 2021ರ ಆಗಸ್ಟ್‌ನಲ್ಲಿ ಶುರುವಾದದ್ದು, ಅಸಂಘಟಿತ ಕೆಲಸಗಾರರಿಗೆ, ಹಣ ಕೊಡಬೇಕಾಗಿಲ್ಲ. ಕೆಲಸ ಏನು ಅಂತ ಕೇಳಿದಾಗ 'ಗೃಹಿಣಿ' ಅಂತ ಹೇಳದೆ ಕೋಳಿ ಸಾಕಾಣಿಕೆ ಕೆಲಸ ಅಂತಲೇ ಹೇಳಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ ಎರಡು ಲಕ್ಷ.

ತೊಂದರೆ ಆದರೆ ಮೊದಲು ಸಂಘದಲ್ಲಿ ಹೇಳಿ, ಮಾಲೀಕರ ಹತ್ತಿರ ಕೂತು ಮಾತಾಡಿ. ಆಗಲಿಲ್ಲ ಅಂದರೆ ಕಾರ್ಮಿಕ ನಿರೀಕ್ಷಕರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಸ್ವೀಕರಿಸಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ 'ಬರೋದಿಲ್ಲ ಹೋಗಿ' ಅಂದರೆ, 'ಹಾಗೇ ಬರೆದುಕೊಡಿ ಸರ್' ಅನ್ನಿ. ನಾವು ಅವತ್ತು ಆ ಒಂದು ಮಾತು ಕೇಳಿದ್ದರೆ ಸಾಕಿತ್ತು. ವಕೀಲರ ಸಹಾಯ ಬೇಕಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ.

ಆ ತಂಗಿ ಈಗ ಏನು ಮಾಡ್ತಿದ್ದಾಳೆ ಅಂತ ಕೇಳ್ತೀರಿ. ಅವಳು ಈಗ ಸಂಘದ ಸದಸ್ಯೆ. ಹಿತ್ತಲಲ್ಲಿ ನಲವತ್ತು ಗಿರಿರಾಜ ಕೋಳಿ ಸಾಕಿದ್ದಾಳೆ. ಮಗ ಡಿಪ್ಲೊಮಾ ಓದ್ತಿದ್ದಾನೆ. ಹೋದ ವರ್ಷ ಅವಳ ಮನೆಗೆ ಹೋದಾಗ ಗೋಡೆಯ ಮೊಳೆಗೆ ಒಂದು ನೋಟ್ ಬುಕ್ ನೇತು ಹಾಕಿದ್ದಳು. ಮೊಟ್ಟೆ ಎಷ್ಟು, ಮಾರಿದ್ದು ಎಷ್ಟು ಅಂತ ದಿನಾ ಬರೀತಾಳೆ. ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದಿದ್ದಳು. 'ಯಾಕಮ್ಮ ಇಷ್ಟು ದೊಡ್ಡದಾಗಿ?' ಅಂದೆವು. 'ಒಂದು ಪುಸ್ತಕದಲ್ಲಾದರೂ ಇರಲಿ ಅಂತ ಸಿಸ್ಟರ್' ಅಂದಳು.

ಊಟದ ಮೇಲೆ ಗುಂಪುಗಳಲ್ಲಿ ಕೂತು ಕೆಳಗಿನ ಪ್ರಶ್ನೆ ಮಾತಾಡಿ, ಒಬ್ಬರು ಬರೆದುಕೊಂಡು ಬನ್ನಿ.

ಗುಂಪು ಚರ್ಚೆಗೆ

1. ನಿಮ್ಮ ಊರಿನಲ್ಲಿ ಕೋಳಿ ಶೆಡ್ಡಿಗೆ ಕೂಲಿಗೆ ಹೋಗುವ ಹೆಂಗಸರು ಎಷ್ಟು ಜನ? ಕೂಲಿ ಯಾರ ಕೈಗೆ ಬರುತ್ತದೆ?

2. ಗಂಡಸರಿಗೆ ಎಷ್ಟು, ಹೆಂಗಸರಿಗೆ ಎಷ್ಟು ಕೊಡುತ್ತಾರೆ? ಕೆಲಸದಲ್ಲಿ ನಿಜವಾಗಿ ಏನು ವ್ಯತ್ಯಾಸ ಇದೆ?

3. ನಿಮ್ಮ ಸಂಘದ ಶೆಡ್ಡಿನಲ್ಲಿ, ಹೊಲದಲ್ಲಿ ನೀವು ಯಾರನ್ನಾದರೂ ಕೂಲಿಗೆ ಕರೆದಿದ್ದೀರಾ? ಅವರ ಲೆಕ್ಕ ಎಲ್ಲಿ ಬರೆದಿದ್ದೀರಿ?

4. ಈ ತಿಂಗಳು ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ ಇವತ್ತಿನ ಕನಿಷ್ಠ ಕೂಲಿ ದರ ಬರೆಸಿಕೊಂಡು ಬರುವ ಇಬ್ಬರು ಯಾರು?